ಪದ ಬೇಕು, ಇವತ್ತೇ: ಪ್ರಿಂಟರ್‌ನ ‘ಪೇಜ್ ಯೀಲ್ಡ್’ಗೆ ‘ಪುಟ ಇಳುವರಿ’ ಆಗಬಹುದೇ?

ಎಲ್ಲರಿಗೂ ನಮಸ್ಕಾರ. ಮನೆಗೆ ಫೋಟೋ ಪ್ರಿಂಟರ್ ಕೊಳ್ಳುವವರಿಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ರಾತ್ರಿಯೊಳಗೆ ಕಳಿಸಬೇಕು. ‘ಪೇಜ್ ಯೀಲ್ಡ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಒಂದು ಕಾರ್ಟ್ರಿಜ್‌ನ ಶಾಯಿ ಮುಗಿಯುವಷ್ಟರಲ್ಲಿ ಎಷ್ಟು ಹಾಳೆ ಅಚ್ಚಾಗುತ್ತದೆ ಅನ್ನುವ ಲೆಕ್ಕ ಅದು. ‘ಪುಟ ಇಳುವರಿ’ ಅಂದರೆ ಹೊಲದ ನೆನಪಾಗುತ್ತದೆ.

ಇನ್ನೊಂದು ತೊಡಕಿದೆ. ಪುಟಗಳ ಲೆಕ್ಕಕ್ಕೆ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 24711 ಅನ್ನುವ ಅಳತೆ, ಫೋಟೋಗಳಿಗೆ 29102 ಅಂತ ಬೇರೆಯದು. ಫೋಟೋದಲ್ಲಿ ಹಾಳೆ ತುಂಬ ಬಣ್ಣ, ಶಾಯಿ ಬೇಗ ಖಾಲಿ. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವರು ಮೋಸ ಹೋಗುತ್ತಾರೆ.

ಉತ್ತರ 1

> ಹೊಲದ ನೆನಪಾಗುತ್ತದೆ

ಹೊಲಕ್ಕಷ್ಟೇ ಯಾಕೆ? ಕಬ್ಬು ಅರೆದು ಬಂದದ್ದಕ್ಕೂ ‘ಸಕ್ಕರೆ ಇಳುವರಿ’ ಅಂತಲೇ ಹೇಳುವುದು. ಅದು ಇರಲಿ. ನನ್ನ ತಕರಾರು ‘ಶಾಯಿ’ ಮೇಲೆ. ಪಾರಸಿಯ ‘ಸಿಯಾಹಿ’ ಅದು, ಅಂದರೆ ಕಪ್ಪು. ‘ಹಳದಿ ಶಾಯಿ’ ಅಂದರೆ ‘ಹಳದಿ ಕಪ್ಪು’ ಅಂದ ಹಾಗಾಯ್ತು. ನಮ್ಮದೇ ‘ಮಸಿ’ ಇದೆ. ಕಾರ್ಟ್ರಿಜ್ಜೂ ಬೇಡ, ‘ಮಸಿಕುಡಿಕೆ’ ಅನ್ನಿ.

ಉತ್ತರ 2

ಮಸಿಯೂ ಕಪ್ಪೇ ಅಲ್ವಾ? ಪಾತ್ರೆಯ ತಳ ನೋಡಿ.

ಮಸಿಕುಡಿಕೆ ತಪ್ಪು. ಕುಡಿಕೆ ಖಾಲಿಯಾದರೆ ಮತ್ತೆ ತುಂಬಿಸುತ್ತೇವೆ. ಕಾರ್ಟ್ರಿಜ್ ಖಾಲಿಯಾದರೆ ಕಿತ್ತು ಹೊಸದು ಹಾಕುವುದು. ಖರ್ಚೆಲ್ಲ ಇರುವುದು ಇಲ್ಲೇ. ಬಾಟಲಿಯಿಂದ ಸುರಿದು ತುಂಬುವ ಟ್ಯಾಂಕಿಗೆ ಬೇಕಾದರೆ ಕುಡಿಕೆ ಅನ್ನಿ. ಅಂಥ ಪ್ರಿಂಟರ್‌ಗೆ ಮೊದಲು ದುಡ್ಡು ಜಾಸ್ತಿ, ಆಮೇಲೆ ಒಂದೊಂದು ಪ್ರಿಂಟಿಗೆ ಕಡಿಮೆ.

ಕಾರ್ಟ್ರಿಜ್ ನಮಗೆ ಹೊಸದೂ ಅಲ್ಲ. ಬಂದೂಕಿನ ‘ಕಾಡತೂಸು’ ಅದರ ದಾಯಾದಿ, ಪೋರ್ಚುಗೀಸಿನಿಂದ ಬಂದದ್ದು. ಆಗ ಒಪ್ಪಿಕೊಂಡವರು ಈಗ ಯಾಕೆ ಮಡಿ ಮಾಡಬೇಕು?

ಉತ್ತರ 1, ಮತ್ತೆ

ಕಾಡತೂಸನ್ನು ಜನ ಕನ್ನಡದ ನಾಲಗೆಗೆ ಒಗ್ಗಿಸಿಕೊಂಡರು. ನೀವು ಇಂಗ್ಲಿಷನ್ನು ಹಾಗೇ ಎತ್ತಿ ಇಡುತ್ತಿದ್ದೀರಿ. ಹೀಗೇ ಆದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕೇಳಿದವರಿಂದ

ಇಬ್ಬರಿಗೂ ವಂದನೆ. ಇಂಕ್, ಕಾರ್ಟ್ರಿಜ್, ಟ್ಯಾಂಕ್ ಅಂತಲೇ ಇಡುತ್ತೇನೆ. ಅಂಗಡಿಗೆ ಹೋದವರು ಹಾಗೇ ಕೇಳಬೇಕಲ್ಲ. ‘ಪುಟ ಇಳುವರಿ’, ‘ಫೋಟೋ ಇಳುವರಿ’ ಅಂತ ಎರಡು ಮಾಡಿದೆ. ವಾಕ್ಯ ಹೀಗೆ ಕೂತಿದೆ: ‘ಒಂದೊಂದು ಕಾರ್ಟ್ರಿಜ್ ಬೆಲೆಯನ್ನೂ ಅದರ ಫೋಟೋ ಇಳುವರಿಯಿಂದ ಭಾಗಿಸಿ, ಬಂದದ್ದನ್ನೆಲ್ಲ ಒಟ್ಟು ಮಾಡಿ. ಒಂದು ಫೋಟೋ ಹಾಳೆಯ ಬೆಲೆ ಕೂಡಿಸಿ. ಪ್ರಿಂಟರ್ ಕೊಳ್ಳುವ ಮುಂಚೆಯೇ ಈ ಲೆಕ್ಕ ಹಾಕಿ.’

ಇನ್ನೊಂದೇ ಪದ ಬಾಕಿ. ಮೂರು ಬಣ್ಣ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಜ್ ಇದೆಯಲ್ಲ, ಹಳದಿ ಮುಗಿದರೂ ಉಳಿದೆರಡನ್ನು ಎಸೆಯಬೇಕಾದದ್ದು, ಅದಕ್ಕೆ ಏನನ್ನಲಿ? ‘ತ್ರಿವರ್ಣ’ ಬಾವುಟಕ್ಕೆ ಹೋಗಿಬಿಟ್ಟಿದೆ.

ಉತ್ತರ 1

ಮುಬ್ಬಣ್ಣ. ಮುಮ್ಮಡಿ, ಮುಪ್ಪುರಿ ಇದ್ದ ಹಾಗೆ. ‘ಮುಬ್ಬಣ್ಣದ ಕಾರ್ಟ್ರಿಜ್’ ಅಂತ ಬರೆದು ಕಳಿಸಿ, ಹೊತ್ತಾಯ್ತು. ಕಾರ್ಟ್ರಿಜ್ಜನ್ನು ನಾನು ಒಪ್ಪಿಲ್ಲ.