ಒಂದೇ ಪ್ರೊಸೆಸರ್‌ಗೆ 27.8, 38, 46, 54, 127 ಡಿಗ್ರಿ: ಯಾವುದನ್ನು ನಂಬಲಿ?

ಶಿಡ್ಲಘಟ್ಟ_ವಿಡಿಯೊ:

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣದ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಕಂಪ್ಯೂಟರ್ ಮೂರು ವರ್ಷದ್ದು. ಇಂಟೆಲ್ ಕೋರ್ ಐ5-10400, 16 ಜಿಬಿ ರ‍್ಯಾಮ್, ಪ್ರೊಸೆಸರ್ ಡಬ್ಬದಲ್ಲೇ ಬಂದ ಫ್ಯಾನು. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಏನೂ ಮಾಡಿಲ್ಲ.

ಎರಡು ತಿಂಗಳಿಂದ ಒಂದು ತೊಂದರೆ. ಬೆಳಿಗ್ಗೆ 22 ನಿಮಿಷಕ್ಕೆ ಎಕ್ಸ್‌ಪೋರ್ಟ್ ಆಗುವ ಫೈಲು ಮಧ್ಯಾಹ್ನ 41 ನಿಮಿಷ ಹಿಡಿಯುತ್ತಿದೆ. ಅದೇ ಫೈಲು, ಅದೇ ಸೆಟ್ಟಿಂಗ್. ಫ್ಯಾನಿನ ಸದ್ದು ಮಾತ್ರ ಜೋರು. ಬಿಸಿಯಿಂದ ಇರಬಹುದು ಅಂತ ನೋಡಲು ಹೋದೆ, ತಲೆ ಕೆಟ್ಟುಹೋಯಿತು. ಯಾವ ಕೆಲಸವೂ ಇಲ್ಲದೆ ಸುಮ್ನೆ ಆನ್ ಇರುವಾಗ ಕಂಡ ಅಂಕಿಗಳು ಇವು:

ಡೆಸ್ಕ್‌ಟಾಪ್ ಮೂಲೆಯಲ್ಲಿರುವ ವಿಜೆಟ್: 27.8
ಎಚ್‌ಡಬ್ಲ್ಯುಇನ್ಫೋದಲ್ಲಿ (ಸೆನ್ಸರ್ ಅಂಕಿ ತೋರಿಸುವ ಸಾಫ್ಟ್‌ವೇರ್) ಸಿಪಿಯು ಪ್ಯಾಕೇಜ್: 46
ಅದರಲ್ಲೇ ಕೆಳಗೆ ಸಿಪಿಯುಟಿನ್: 38
ಇನ್ನೂ ಕೆಳಗೆ ಆಕ್ಸ್‌ಟಿನ್ 3: 127
ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಿ ನೋಡಿದರೆ: 54

127 ನೋಡಿ ಎದೆ ಧಸಕ್ಕೆಂದಿತು. ತಕ್ಷಣ ಪ್ಲಗ್ ಕಿತ್ತುಬಿಟ್ಟೆ. ಇತ್ತ ವಿಜೆಟ್ ನೋಡಿದರೆ ಏನೂ ಆಗೇ ಇಲ್ಲ ಅನ್ನುತ್ತೆ. ನಮ್ಮದು ರೇಷ್ಮೆ ಮಾಡುವ ಮನೆ, ಹುಳುಮನೆಯ ಪಕ್ಕದ ಕೋಣೆಯಲ್ಲೇ ನನ್ನ ಕಂಪ್ಯೂಟರ್. ಚಾಕಿ (ಎಳೆಯ) ಹುಳುವಿಗೆ 27, 28 ಡಿಗ್ರಿ ಇರಬೇಕು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಅದಕ್ಕೇ ಇರಬೇಕು, ಆ 27.8 ನೋಡಿದಾಗೆಲ್ಲ ಎಲ್ಲ ಸರಿಯಾಗಿದೆ ಅಂದುಕೊಂಡುಬಿಟ್ಟೆ.

ಯಾವುದು ನಿಜ ಹೇಳಿ. ಈ ವಾರ ಎರಡು ಮದುವೆ ವಿಡಿಯೊ ಕೊಡಬೇಕು.


ತುಮಕೂರು_ರಿಪೇರಿ:

ಮೊದಲು 127ರ ಭಯ ಬಿಡಿ. ಮದರ್‌ಬೋರ್ಡ್ ಮೇಲೆ ಫ್ಯಾನಿನ ವೇಗ, ವೋಲ್ಟೇಜ್, ಬಿಸಿ ಎಲ್ಲ ಅಳೆಯುವ ಒಂದು ಚಿಕ್ಕ ಚಿಪ್ ಇರುತ್ತದೆ. ಅದಕ್ಕೆ ಹಲವು ಸೆನ್ಸರ್ ಕೂರಿಸಲು ಕಾಲುಗಳಿವೆ. ಬೋರ್ಡ್ ಮಾಡಿದವರು ಎಲ್ಲ ಕಾಲಿಗೂ ಸೆನ್ಸರ್ ಹಾಕುವುದಿಲ್ಲ. ಖಾಲಿ ಬಿಟ್ಟ ಕಾಲಿನಿಂದ ಏನೋ ಒಂದು ಅಂಕಿ ಬರುತ್ತದೆ. ಕೆಲವು ಬೋರ್ಡಿನಲ್ಲಿ 127, ಕೆಲವದರಲ್ಲಿ ಮೈನಸ್ 50ಕ್ಕಿಂತ ಕೆಳಗೆ. ಸಾಫ್ಟ್‌ವೇರ್‌ಗೆ ಅಲ್ಲಿ ತಂತಿ ಇದೆಯೋ ಇಲ್ಲವೋ ಗೊತ್ತಿಲ್ಲ, ಸಿಕ್ಕಿದ್ದನ್ನು ತೋರಿಸುತ್ತದೆ. ನಿಮ್ಮ ಆಕ್ಸ್‌ಟಿನ್ 3 ಅಂಥದ್ದು.

ಸಿಪಿಯುಟಿನ್ 38 ಅನ್ನುವುದು ಬೋರ್ಡ್ ಕಡೆಯಿಂದ ನೋಡಿದ ಬಿಸಿ. ಫ್ಯಾನ್ ನಿಯಂತ್ರಣಕ್ಕೆ ಅದು ಸಾಕು. ಪ್ರೊಸೆಸರ್ ಒಳಗೆ ಏನಾಗುತ್ತಿದೆ ಅಂತ ಅದರಿಂದ ಸರಿಯಾಗಿ ತಿಳಿಯುವುದಿಲ್ಲ.

ಬಯಾಸಿನ 54ಕ್ಕೂ ಗಾಬರಿ ಬೇಡ. ವಿಂಡೋಸ್ ಓಡುವಾಗ ಕೆಲಸ ಇಲ್ಲದ ಕೋರ್‌ಗಳು (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಭಾಗಗಳು) ನಿದ್ದೆಗೆ ಜಾರುತ್ತವೆ. ಬಯಾಸ್ ಪರದೆಯಲ್ಲಿ ಆ ನಿದ್ದೆ ಸಾಮಾನ್ಯವಾಗಿ ಇಲ್ಲ. ಅದಕ್ಕೇ ಅಲ್ಲಿ ಯಾವಾಗಲೂ ಸ್ವಲ್ಪ ಜಾಸ್ತಿ.

ಈಗ ವಿಜೆಟ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಈ 27.8 ನಂಬಿಕೊಂಡೇ ಬಂದಿರುತ್ತಾರೆ. ಕೆಲವು ವಿಜೆಟ್‌ಗಳು ಪ್ರೊಸೆಸರನ್ನು ಕೇಳುವುದೇ ಇಲ್ಲ. ವಿಂಡೋಸಿಗೆ ಬೋರ್ಡ್ ಒಪ್ಪಿಸಿರುವ ‘ಥರ್ಮಲ್ ಝೋನ್’ ಅನ್ನುವ ಲೆಕ್ಕವನ್ನು ಓದುತ್ತವೆ. ಅದು ಕೆಲ್ವಿನ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಇರುತ್ತದೆ. ಎಷ್ಟೋ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಅಲ್ಲಿ ಸೆನ್ಸರೇ ಇಲ್ಲ, 3010 ಅಂತ ಒಂದು ಅಂಕಿಯನ್ನು ಸುಮ್ನೆ ಬರೆದಿಟ್ಟಿರುತ್ತಾರೆ. 3010 ಅಂದರೆ 301 ಕೆಲ್ವಿನ್. ಅದರಲ್ಲಿ 273.15 ಕಳೆಯಿರಿ, 27.85 ಉಳಿಯುತ್ತದೆ. ನಿಮ್ಮ ವಿಜೆಟ್ ತೋರಿಸುತ್ತಿರುವುದು ಅದನ್ನೇ. ಕಂಪ್ಯೂಟರಿಗೆ ಬೆಂಕಿ ಬಿದ್ದರೂ ಅದು 27.8 ಅನ್ನುತ್ತಲೇ ಇರುತ್ತದೆ.

ನೀವೇ ಪರೀಕ್ಷೆ ಮಾಡಬಹುದು. ಹುಳುಮನೆಯಲ್ಲಿ ಥರ್ಮಾಮೀಟರ್ ಇದ್ದೇ ಇರುತ್ತದೆ ಅಲ್ವಾ? ಅದನ್ನು ತಂದು ಮಧ್ಯಾಹ್ನ ಕ್ಯಾಬಿನೆಟ್ ಪಕ್ಕದಲ್ಲಿ ಅರ್ಧ ಗಂಟೆ ತೂಗುಹಾಕಿ. ಗಾಳಿಯಿಂದ ತಣಿಯುವ ಪ್ರೊಸೆಸರ್ ಕೋಣೆಗಿಂತ ತಣ್ಣಗಿರಲು ಆಗುವುದೇ ಇಲ್ಲ. ಕೋಣೆಗಿಂತ ಕಡಿಮೆ ತೋರಿಸುವ ಅಂಕಿ ಯಾವುದೇ ಇರಲಿ, ಅದು ಸುಳ್ಳು.

ಉಳಿದದ್ದು ಪ್ಯಾಕೇಜ್ 46. ನಂಬಬೇಕಾದ್ದು ಇದನ್ನೇ. ಒಳಗಿರುವ ಸೆನ್ಸರ್‌ಗಳಲ್ಲಿ ಎಲ್ಲಕ್ಕಿಂತ ಬಿಸಿಯಾದದ್ದನ್ನು ಅದು ಹೇಳುತ್ತದೆ. ಆದರೆ ಒಂದು ವಿಷಯ ತಿಳಿದಿರಲಿ. ಇಂಟೆಲ್ ಸೆನ್ಸರ್ ‘ಇಷ್ಟು ಡಿಗ್ರಿ’ ಅಂತ ಹೇಳುವುದಿಲ್ಲ. ‘ಮಿತಿಗೆ ಇನ್ನು ಇಷ್ಟು ಬಾಕಿ’ ಅನ್ನುತ್ತದೆ. ರಸ್ತೆ ಪಕ್ಕದ ಮೈಲಿಗಲ್ಲು ಊರಿಗೆ ಇನ್ನೆಷ್ಟು ದೂರ ಅಂತ ತೋರಿಸುವ ಹಾಗೆ. ಆ ಮಿತಿಯ ಹೆಸರು ಟಿಜೆ ಮ್ಯಾಕ್ಸ್. ನಿಮ್ಮ 10400ಕ್ಕೆ ಅದು 100 ಡಿಗ್ರಿ. 54 ಬಾಕಿ ಅಂದರೆ ಸಾಫ್ಟ್‌ವೇರ್ ನೂರರಲ್ಲಿ ಕಳೆದು 46 ಅಂತ ಬರೆಯುತ್ತದೆ. ಮಿತಿಯ ಹತ್ತಿರ ಈ ಸೆನ್ಸರ್ ಚೆನ್ನಾಗಿ ಹೇಳುತ್ತದೆ, ದೂರ ಇದ್ದಾಗ ಅಷ್ಟು ನಿಖರ ಅಲ್ಲ. ಹಾಗಾಗಿ ಐಡಲ್‌ನಲ್ಲಿ (ಕೆಲಸ ಇಲ್ಲದೆ ಸುಮ್ನೆ ಆನ್ ಇರುವಾಗ) ಒಂದು ಕೋರ್ 41, ಇನ್ನೊಂದು 45 ಅಂದರೆ ಅದರ ಬಗ್ಗೆ ಯೋಚನೆ ಬೇಡ.

ಐಡಲ್ ಲೆಕ್ಕದಿಂದ ನಿಮ್ಮ ರೋಗ ಸಿಗುವುದಿಲ್ಲ. ಮಧ್ಯಾಹ್ನ ಅದೇ ಫೈಲು ಎಕ್ಸ್‌ಪೋರ್ಟ್‌ಗೆ ಹಾಕಿ. 10 ಸೆಕೆಂಡ್, 1 ನಿಮಿಷ, 5 ನಿಮಿಷ, 10 ನಿಮಿಷಕ್ಕೆ ಪ್ಯಾಕೇಜ್ ಎಷ್ಟು ಅಂತ ಬರೆದುಕೊಳ್ಳಿ. ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದ ವೇಗ ಇಳಿಸುವುದು) ಸಾಲಿನಲ್ಲಿ ಯೆಸ್ ಬಂತಾ ನೋಡಿ. ಫ್ಯಾನ್ ಆರ್‌ಪಿಎಂ, ಕೋರ್ ಸ್ಪೀಡ್ ಕೂಡ ಬೇಕು.


ಬಂಗಾರಪೇಟೆ_1700ಎಕ್ಸ್:

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಎಎಂಡಿ ಕಂಪನಿಯ ರೈಝನ್ 7 1700ಎಕ್ಸ್ ಪ್ರೊಸೆಸರ್. ಟಿಸಿಟಿಎಲ್ 59, ಟಿಡೈ 39 ಅಂತ ಎರಡು ಸಾಲು ಬರುತ್ತಿವೆ. ಯಾವಾಗ ನೋಡಿದರೂ ಸರಿಯಾಗಿ 20 ವ್ಯತ್ಯಾಸ. ಇಲ್ಲಿ ಸುಳ್ಳು ಯಾವುದು?


ತುಮಕೂರು_ರಿಪೇರಿ:

ಎರಡೂ ಸುಳ್ಳಲ್ಲ. ಟಿಡೈ ಅನ್ನುವುದು ನಿಜವಾದ ಬಿಸಿ. ಟಿಸಿಟಿಎಲ್ ಫ್ಯಾನಿಗೆ ಹೇಳುವ ಲೆಕ್ಕ. 1600ಎಕ್ಸ್, 1700ಎಕ್ಸ್, 1800ಎಕ್ಸ್‌ಗಳಲ್ಲಿ ಎಎಂಡಿಯವರೇ ಬೇಕಂತ 20 ಸೇರಿಸಿದ್ದಾರೆ. 2700ಎಕ್ಸ್‌ನಲ್ಲಿ 10. ಎಕ್ಸ್ ಇಲ್ಲದ 1700ರಲ್ಲಿ ಏನೂ ಸೇರಿಸಿಲ್ಲ. ನೀವು 39 ನೋಡಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಕೂಲರ್ ಬಿಚ್ಚುವ ದಿನ ಬಂದರೆ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ (ಪ್ರೊಸೆಸರಿಂದ ಕೂಲರಿಗೆ ಬಿಸಿ ದಾಟಿಸಲು ನಡುವೆ ಹಚ್ಚುವ ಅಂಟು) ಬೆಚ್ಚಗೆ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಎತ್ತಿ. ಒಮ್ಮೆಲೇ ಎಳೆದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬರುತ್ತದೆ, ಪಿನ್ ಬಾಗುತ್ತವೆ.


ಶಿಡ್ಲಘಟ್ಟ_ವಿಡಿಯೊ:

ಮಾಡಿದೆ ಸರ್. ಥರ್ಮಾಮೀಟರ್ ತಂದು ತೂಗುಹಾಕಿದೆ. ನಮ್ಮದು ಹಲಗೆ ಮೇಲೆ ಎರಡು ಕೊಳವೆ ಇರುವಂಥದ್ದು. ಒಂದರ ತುದಿಗೆ ಬತ್ತಿ ಸುತ್ತಿ ನೀರಿನ ಸೀಸೆಗೆ ಬಿಟ್ಟಿರುತ್ತೆ. ಒಣದ್ದು 33, ಒದ್ದೆಯದು 25. ಯಾವುದು ತೆಗೆದುಕೊಳ್ಳಲಿ? ವಿಜೆಟ್ ಆಗಲೂ 27.8.

ಎಕ್ಸ್‌ಪೋರ್ಟ್ ಲೆಕ್ಕ:

10 ಸೆಕೆಂಡ್: 84
1 ನಿಮಿಷ: 79
5 ನಿಮಿಷ: 93
8 ನಿಮಿಷ: 100, ಥ್ರಾಟ್ಲಿಂಗ್ ಯೆಸ್
10 ನಿಮಿಷ: 100

ಸ್ಪೀಡ್ ಮೊದಲು 3.8 ಗಿಗಾಹರ್ಟ್ಸ್ ಇತ್ತು, ಕೊನೆಗೆ 2.1. ಫ್ಯಾನ್ ಸುಮಾರು 3000 ಆರ್‌ಪಿಎಂ. ನೂರು ಅಂದರೆ ಸುಟ್ಟುಹೋಗುತ್ತಾ?


ತುಮಕೂರು_ರಿಪೇರಿ:

ಒಣದ್ದು ತೆಗೆದುಕೊಳ್ಳಿ, 33. ಒದ್ದೆ ಬತ್ತಿಯಿಂದ ನೀರು ಆರುವಾಗ ಕೊಳವೆ ತಣ್ಣಗಾಗುತ್ತದೆ, ಅದು ತೇವ ಲೆಕ್ಕ ಹಾಕುವುದಕ್ಕೆ. ಕೋಣೆ 33 ಇರುವಾಗ ವಿಜೆಟ್ 27.8 ಅಂದಿತಲ್ಲ, ಅದನ್ನು ಇವತ್ತೇ ತೆಗೆದುಹಾಕಿ.

ಸುಟ್ಟುಹೋಗುವುದಿಲ್ಲ. 100 ಮುಟ್ಟಿದ ತಕ್ಷಣ ಪ್ರೊಸೆಸರ್ ತಾನೇ ವೇಗ ಇಳಿಸಿ ಬಿಸಿ ತಡೆಯುತ್ತದೆ. ಅದನ್ನೂ ಮೀರಿ ಏರಿದರೆ ಕರೆಂಟ್ ಕಡಿದು ಆಫ್ ಆಗುತ್ತದೆ. ನಿಮ್ಮ 41 ನಿಮಿಷ ಬಂದದ್ದು ಈ ವೇಗ ಇಳಿಸುವುದರಿಂದ. ಆದರೆ ದಿನಾ ಹಾಗೆ ಓಡಿಸುವುದು ಬೇಡ.

ನಿಮ್ಮ ಲೆಕ್ಕದಲ್ಲಿ ಬಿಸಿ ಏರಿದ ರೀತಿಯೇ ಉತ್ತರ ಹೇಳುತ್ತಿದೆ. ಮೊದಲ 84 ಸಹಜ. ಈ ಪ್ರೊಸೆಸರಿಗೆ ಇಂಟೆಲ್ ಕೊಟ್ಟಿರುವ ಲೆಕ್ಕದಲ್ಲಿ ಶುರುವಿನ 28 ಸೆಕೆಂಡ್ 134 ವಾಟ್‌ವರೆಗೆ ಎಳೆಯಬಹುದು. ಆಮೇಲೆ 65ಕ್ಕೆ ಇಳಿಯಬೇಕು. ಅದಕ್ಕೇ ಒಂದು ನಿಮಿಷಕ್ಕೆ 79 ಆಯಿತು. ಪೇಸ್ಟ್ ಒಣಗಿದ್ದರೆ, ಅಥವಾ ಕೂಲರಿನ ಕಾಲು ಎದ್ದಿದ್ದರೆ, ಆ ಹತ್ತೇ ಸೆಕೆಂಡಿನಲ್ಲಿ ನೂರಕ್ಕೆ ಹಾರುತ್ತಿತ್ತು. ನಿಮ್ಮಲ್ಲಿ ಹಾಗಾಗಿಲ್ಲ. ಪ್ರೊಸೆಸರಿಂದ ಬಿಸಿ ಕೂಲರಿಗೆ ಹೋಗುತ್ತಿದೆ, ಕೂಲರಿಂದ ಆಚೆಗೆ ಹೋಗುತ್ತಿಲ್ಲ. ಅದಕ್ಕೇ ನಿಧಾನವಾಗಿ, ಐದು ಎಂಟು ನಿಮಿಷ ತೆಗೆದುಕೊಂಡು ಏರಿದೆ. ಫ್ಯಾನ್ 3000 ತಿರುಗಿದರೂ ಗಾಳಿ ಒಳಗೆ ನುಗ್ಗುತ್ತಿಲ್ಲ.

ಇಲ್ಲಿ ಬೇರೆ ಯಾರಾದರೂ ಓದುತ್ತಿದ್ದರೆ: ಸ್ಪೀಡ್ ಇಳಿದರೆ ಯಾವಾಗಲೂ ಬಿಸಿಯೇ ಕಾರಣ ಅಲ್ಲ. ಪವರ್ ಲಿಮಿಟ್ ಸಾಲಿನಲ್ಲಿ ಮಾತ್ರ ಯೆಸ್ ಇದ್ದು, ಥರ್ಮಲ್ ಸಾಲಿನಲ್ಲಿ ನೋ ಇದ್ದರೆ, ಅದು ವಾಟ್ ಲೆಕ್ಕ. ರೋಗ ಅಲ್ಲ.

ಪ್ಲಗ್ ತೆಗೆದು ಪಕ್ಕದ ಬಾಗಿಲು ಬಿಚ್ಚಿ. ಟಾರ್ಚ್ ಹಾಕಿ ಫ್ಯಾನ್ ರೆಕ್ಕೆಗಳ ಸಂದಿಯಿಂದ ಕೆಳಗಿನ ಅಲ್ಯುಮಿನಿಯಂ ನೋಡಿ. ಒಂದು ಪ್ರಶ್ನೆ. ಹುಳುಮನೆಯಲ್ಲಿ ಸುಣ್ಣದ ಪುಡಿ ಹಾಕುತ್ತೀರಾ?


ಶಿಡ್ಲಘಟ್ಟ_ವಿಡಿಯೊ:

ಹಾಕುತ್ತೇವೆ ಸರ್. ಹುಳು ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂತಾಗ ಹಾಸಿಗೆ ಒಣಗಿರಲಿ ಅಂತ ಪ್ರತಿ ಸಲ ಸುಣ್ಣ ಎರಚುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ.

ಬಿಚ್ಚಿ ನೋಡಿದೆ. ಅಲ್ಯುಮಿನಿಯಂ ಕಾಣಿಸುತ್ತಲೇ ಇಲ್ಲ. ಫ್ಯಾನಿನ ಕೆಳಗೆ ಬೂದು ಬಣ್ಣದ ಒಂದು ರೊಟ್ಟಿ ಕೂತಿದೆ. ಮೇಲೆ ಧೂಳು, ಕೂದಲು. ಕೆಳಗೆ ಸುಣ್ಣ ಗಟ್ಟಿಯಾಗಿ ಗೋಡೆಗೆ ಗಾರೆ ಹಚ್ಚಿದ ಹಾಗಿದೆ. ಟೂತ್‌ಪಿಕ್‌ನಲ್ಲಿ ಚುಚ್ಚಿದರೆ ಚಕ್ಕೆ ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಲಾ?


ತುಮಕೂರು_ರಿಪೇರಿ:

ಒದ್ದೆ ಬಟ್ಟೆ ಬೇಡವೇ ಬೇಡ. ಸುಣ್ಣ ಒದ್ದೆಯಾದರೆ ಅಲ್ಯುಮಿನಿಯಂ ತಿನ್ನುತ್ತದೆ. ಚಕ್ಕೆಗಳು ಬೋರ್ಡ್ ಮೇಲೆ ಬೀಳಬಾರದು. ಹಾಗಾಗಿ ಕೂಲರ್ ಪೂರ್ತಿ ಬಿಚ್ಚಿ ಆಚೆ ತನ್ನಿ. ನಾಲ್ಕು ಕಾಲಿನ ತಲೆಯ ಮೇಲೆ ಬಾಣದ ಗುರುತಿದೆ. ತಲೆಯನ್ನು ಬಾಣದ ಕಡೆಗೆ 90 ಡಿಗ್ರಿ ತಿರುಗಿಸಿ ಮೇಲಕ್ಕೆ ಎಳೆಯಿರಿ. ಫ್ಯಾನಿನ ತಂತಿ ಬೋರ್ಡಿನಿಂದ ಕೀಳುವುದು ಮರೆಯಬೇಡಿ.

ಅಂಗಳಕ್ಕೆ ಹೋಗಿ, ಮೂಗಿಗೆ ಬಟ್ಟೆ ಕಟ್ಟಿ, ಒಣ ಪೇಂಟ್ ಬ್ರಷ್‌ನಲ್ಲಿ ಬಿಡಿಸಿ. ಆಮೇಲೆ ಬ್ಲೋವರ್ ಹಿಡಿಯಿರಿ. ಫ್ಯಾನಿಗೆ ಗಾಳಿ ಹೊಡೆಯುವಾಗ ರೆಕ್ಕೆಯನ್ನು ಬೆರಳಿನಿಂದ ಅಲ್ಲಾಡದಂತೆ ಹಿಡಿದುಕೊಳ್ಳಿ. ಬಿಟ್ಟರೆ ವಿಪರೀತ ವೇಗಕ್ಕೆ ತಿರುಗಿ ಬೇರಿಂಗ್ ಹೋಗುತ್ತದೆ.

ಕೂಲರ್ ಬಿಚ್ಚಿದ ಮೇಲೆ ಹಳೆ ಪೇಸ್ಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಅದ್ದಿ ಎರಡೂ ಕಡೆ ಒರೆಸಿ. ಹೊಸ ಪೇಸ್ಟ್ ಮಧ್ಯದಲ್ಲಿ ಒಂದು ದಪ್ಪ ಬಟಾಣಿಗಿಂತ ಕಮ್ಮಿ, ತೊಗರಿ ಕಾಳಿಗಿಂತ ಸ್ವಲ್ಪ ಜಾಸ್ತಿ ಇರಲಿ. ನೀವು ಹರಡಬೇಡಿ, ಒತ್ತಿದಾಗ ತಾನೇ ಹರಡುತ್ತದೆ.

ಕೂರಿಸುವ ಮೊದಲು ಕಾಲುಗಳ ತಲೆಯನ್ನು ವಾಪಸ್ ಮೊದಲಿನ ಹಾಗೇ ತಿರುಗಿಸಿಡಿ. ಒತ್ತುವಾಗ ಮೂಲೆಯಿಂದ ಎದುರು ಮೂಲೆಗೆ, ಎರಡು ಎರಡು ಕಾಲು. ಪ್ರತಿ ಕಾಲೂ ‘ಟಕ್’ ಅನ್ನಬೇಕು. ಆಮೇಲೆ ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿ. ಮೂರು ಕೂತು ಒಂದು ಎದ್ದಿರುವುದು ತುಂಬಾ ಸಾಮಾನ್ಯ, ನಾನು ವಾರಕ್ಕೊಂದಾದರೂ ನೋಡುತ್ತೇನೆ.


ಶಿಡ್ಲಘಟ್ಟ_ವಿಡಿಯೊ:

ಆಯಿತು ಸರ್. ಒಂದು ಕಾಲು ಮೊದಲ ಸಲ ಕೂತಿರಲಿಲ್ಲ. ನೀವು ಎಳೆದು ನೋಡಿ ಅಂದಿದ್ದರಿಂದ ಗೊತ್ತಾಯಿತು. ಬೋರ್ಡ್ ಆಚೆ ತೆಗೆದು ಹಿಂದಿನಿಂದ ನೋಡುತ್ತಾ ಒತ್ತಿದೆ. ನಾಲ್ಕೂ ತುದಿ ಒಂದೇ ಸಮ ಹೊರಗೆ ಬಂದವು.

ಬಿಡಿಸಿದ ಪುಡಿ ಒಂದು ಟೀ ಲೋಟದ ತುಂಬ ಆಯಿತು. ಇಷ್ಟು ಅದರೊಳಗೆ ಇತ್ತು ಅಂತ ನಂಬಲಿಕ್ಕೇ ಆಗಲಿಲ್ಲ.

ಮಧ್ಯಾಹ್ನ, ಒಣ ಕೊಳವೆ ಮತ್ತೆ 33 ತೋರಿಸುವಾಗಲೇ ಅದೇ ಫೈಲು ಹಾಕಿದೆ. ಐಡಲ್ 42. ಹತ್ತು ಸೆಕೆಂಡಿಗೆ 80. ಆಮೇಲೆ 72ಕ್ಕೆ ಇಳಿದು ಕೊನೆವರೆಗೂ 72, 73 ಅಷ್ಟೇ. ಥ್ರಾಟ್ಲಿಂಗ್ ನೋ. 22 ನಿಮಿಷ.


ತುಮಕೂರು_ರಿಪೇರಿ:

ತುಂಬಾ ಸಂತೋಷವಾಯಿತು. 73ರಲ್ಲಿ 33 ಕಳೆದರೆ 40. ಈ 40 ಬರೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಕೋಣೆ 20 ಇದ್ದರೆ ಇದೇ ಕೆಲಸಕ್ಕೆ 60ರ ಆಸುಪಾಸು ಬರಬೇಕು. ಡಿಸೆಂಬರಿನಲ್ಲಿ 73 ಕಂಡರೆ ಅಂಕಿ ಚಿಕ್ಕದು ಅಂತ ಸುಮ್ಮನಿರಬೇಡಿ, ಮತ್ತೆ ಸುಣ್ಣ ಕಟ್ಟುತ್ತಿದೆ ಅಂತ ಅರ್ಥ.

ಕ್ಯಾಬಿನೆಟ್ ನೆಲದ ಮೇಲಿದ್ದರೆ ಮೇಜಿನ ಎತ್ತರಕ್ಕೆ ಏರಿಸಿ. ಸುಣ್ಣ ಹಾಕುವ ದಿನ ಆಫ್ ಮಾಡಿ. ಓಡುವಾಗ ಬಟ್ಟೆ ಮುಚ್ಚಬೇಡಿ, ಆಫ್ ಆದಮೇಲೆ ಮುಚ್ಚಿ.


ಶಿಡ್ಲಘಟ್ಟ_ವಿಡಿಯೊ:

ಏರಿಸಿದ್ದೇನೆ ಸರ್. ವಿಜೆಟ್ ತೆಗೆದೆ. ಎರಡು ಮದುವೆ ವಿಡಿಯೊನೂ ಕೊಟ್ಟಾಯಿತು. ಥರ್ಮಾಮೀಟರ್ ವಾಪಸ್ ಹುಳುಮನೆಗೆ ಹೋಯಿತು, ಅಪ್ಪ ಎರಡು ದಿನದಿಂದ ಕೇಳುತ್ತಿದ್ದರು. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಇವತ್ತು ಸುಣ್ಣ. ಕಂಪ್ಯೂಟರ್ ಆಫ್ ಮಾಡಿ, ಬಟ್ಟೆ ಹೊದಿಸಿ, ಮೊಬೈಲಿನಿಂದ ಬರೆಯುತ್ತಿದ್ದೇನೆ.