ಮೂರು ವರ್ಷದ ಮಗನಿಗೆ ಕಿವಿನೋವು: ಆ್ಯಂಟಿಬಯಾಟಿಕ್ ಈಗಲೇ ಕೊಡಲೇ, ಕಾಯಲೇ?

ಕೇಳಿದವರು, ಮೈಸೂರು
ಮಗನಿಗೆ ಮೂರು ವರ್ಷ, 14 ಕೆಜಿ. ನಾಲ್ಕು ದಿನದಿಂದ ನೆಗಡಿ ಇತ್ತು. ನಿನ್ನೆ ರಾತ್ರಿ ಎಡಗಿವಿ ಹಿಡ್ಕೊಂಡು ಅತ್ತು ಅತ್ತು ಸುಸ್ತಾದ. ಜ್ವರ 100.5. ಮಕ್ಕಳ ಡಾಕ್ಟ್ರು ಕಿವಿಯೊಳಗೆ ನೋಡಿ ತಮಟೆ ಕೆಂಪಾಗಿದೆ ಅಂದ್ರು. ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಸಿರಪ್ ಬರೆದುಕೊಟ್ಟು, ಎರಡು ದಿನ ನೋವಿನ ಔಷಧಿ ಮಾತ್ರ ಕೊಡಿ, ಕಮ್ಮಿ ಆಗದಿದ್ರೆ ಇದನ್ನ ಶುರು ಮಾಡಿ ಅಂದ್ರು. ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡೋಣ ಅಂತಾರೆ. ನಮ್ಮನೆಯವರು ಇವತ್ತೇ ಕೊಡು, ಕಾಯೋದ್ಯಾಕೆ ಅಂತಾರೆ. ನೀವೆಲ್ಲ ಏನು ಮಾಡಿದ್ರಿ?

ಶಿವಮೊಗ್ಗ
ನಮ್ಮನೇಲಿ ಎರಡೂ ಥರ ಆಗಿದೆ. ದೊಡ್ಡವಳಿಗೆ ಹತ್ತು ತಿಂಗಳಲ್ಲಿ ಎರಡೂ ಕಿವಿಗೆ ಬಂದಿತ್ತು, ಡಾಕ್ಟ್ರು ಅವತ್ತೇ ಶುರು ಮಾಡಿಸಿದ್ರು, ಹತ್ತು ದಿನದ ಕೋರ್ಸ್. ಚಿಕ್ಕವನಿಗೆ ನಾಲ್ಕು ವರ್ಷ ಇದ್ದಾಗ ಒಂದೇ ಕಿವಿ. ಕಾಯಿರಿ ಅಂದ್ರು, ಎರಡನೇ ರಾತ್ರಿಗೆ ತಾನಾಗೇ ಇಳೀತು, ಸಿರಪ್ ಮುಚ್ಚಳ ತೆಗೀಲೇ ಇಲ್ಲ. ಆಗ ಡಾಕ್ಟ್ರು ಬಿಡಿಸಿ ಹೇಳಿದ್ದು: ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಗೆ ಬಂದಿದ್ರೆ, ಕಿವಿ ಸೋರಿದ್ರೆ, ಜ್ವರ 102 ದಾಟಿದ್ರೆ ಕಾಯೋ ಮಾತಿಲ್ಲ. ಆರು ತಿಂಗಳೊಳಗಿನ ಕೂಸಾದ್ರೆ ಅಂತೂ ಇಲ್ಲವೇ ಇಲ್ಲ. ದೊಡ್ಡ ಮಗು, ಒಂದೇ ಕಿವಿ, ನೋವು ತೀರಾ ಜಾಸ್ತಿ ಇಲ್ಲ ಅಂದ್ರೆ ಎರಡು ಮೂರು ದಿನ ನೋಡಬಹುದು. ನಿಮ್ಮ ಡಾಕ್ಟ್ರು ಸರಿಯಾಗೇ ಹೇಳಿದ್ದಾರೆ.

ಆದ್ರೆ ಕಾಯೋದು ಅಂದ್ರೆ ಮಗೂನ ನೋವಲ್ಲಿ ಬಿಡೋದಲ್ಲ ಕಣ್ರೀ. ಪ್ಯಾರಸಿಟಮಾಲ್ ತೂಕಕ್ಕೆ ತಕ್ಕಷ್ಟು ಕೊಡಿ. ಕೆಜಿಗೆ 15 ಮಿ.ಗ್ರಾಂ ಅಂದ್ರೆ ನಿಮ್ಮವನಿಗೆ ಒಂದು ಸಲಕ್ಕೆ ಸುಮಾರು 200, ಆರು ಗಂಟೆಗೊಮ್ಮೆ. ಸಿರಪ್ಪಲ್ಲಿ 5 ಮಿ.ಲೀ.ಗೆ 120 ಇರೋದೂ ಸಿಗುತ್ತೆ, 250 ಇರೋದೂ ಸಿಗುತ್ತೆ. ಅಳೆಯೋ ಮುಂಚೆ ಲೇಬಲ್ ಓದಿ.

ಎಣ್ಣೆ ಮಾತ್ರ ಬೇಡ. ತಮಟೆ ತೂತಾಗಿದ್ರೆ ಎಣ್ಣೆ ನೇರ ಒಳಗೆ. ಅತ್ತೆಗೆ ಬಿಸಿಬಟ್ಟೆ ಶಾಖ ಕೊಡೋ ಕೆಲಸ ಒಪ್ಪಿಸಿ, ಅವರಿಗೂ ಸಮಾಧಾನ.

ಹುಬ್ಬಳ್ಳಿ
ನಾ ಮಾಡಿದ ತಪ್ಪು ಕೇಳ್ರಿ. ಮಗನಿಗೆ ಏಳು ದಿನದ ಔಷಧ ಬರದಿದ್ರು. ಮೂರನೇ ದಿನಕ್ಕ ಹುಡುಗ ಆಡ್ಲಿಕ್ಕೆ ಹತ್ತಿದ, ನಾ ನಿಲ್ಲಿಸಿಬಿಟ್ಟೆ. ಉಳದದ್ದು ಫ್ರಿಜ್ಜಿನ್ಯಾಗ ಇಟ್ಟೆ. ತಿಂಗಳು ಬಿಟ್ಟು ಮಗಳಿಗೆ ಕಿವಿ ನೋವು ಬಂತು, ಅದನ್ನ ಕೊಟ್ಟೆ! ಡಾಕ್ಟರ್ ಬೈದ್ರು. ಪುಡಿಗೆ ನೀರು ಕಲಸಿದ ಮ್ಯಾಲೆ ಆ ಬಾಟ್ಲಿ ಏಳು ದಿನ ಅಷ್ಟ ಬರ್ತಿತ್ತು, ಲೇಬಲ್ ಮ್ಯಾಲೆ ಬರದಿತ್ತು, ನಾ ನೋಡಿದ್ದಿಲ್ಲ. ಕುದಿಸಿ ಆರಿಸಿದ ನೀರು ಗೆರಿ ಮಟ ಹಾಕ್ರಿ, ಪ್ರತಿ ಸಲ ಛಲೋ ಅಲ್ಲಾಡಿಸ್ರಿ. ಭೇದಿ ಆದ್ರ ಅಂಜಬ್ಯಾಡ್ರಿ, ಮೈಮ್ಯಾಲೆ ದದ್ದು ಎದ್ರ ನಿಲ್ಲಿಸಿ ಫೋನ್ ಮಾಡ್ರಿ.

ಐಂಡ್‌ಹೋವನ್, ನೆದರ್ಲ್ಯಾಂಡ್ಸ್
ಇಲ್ಲಿ ಮೊದಲು ಹೋಗೋದು ಹೌಸ್‌ಆರ್ಟ್ಸ್ ಅನ್ನೋ ಮನೆವೈದ್ಯರ ಹತ್ತಿರ. ಪ್ಯಾರಸಿಟಮಾಲ್ ಕೊಟ್ಟು ನೋಡಿ ಅಂತ ವಾಪಸ್ ಕಳಿಸಿದಾಗ ನನಗೆ ಸಿಟ್ಟು ಬಂದಿತ್ತು, ಅಮ್ಮನಿಗೆ ದಾವಣಗೆರೆಗೆ ಫೋನ್ ಮಾಡಿ ಗೋಳಾಡಿದ್ದೆ. ಮೂರನೇ ದಿನ ಮಗಳು ಸರಿಹೋದ್ಲು. ನಿಮಗೆ ಚೀಟಿಯಾದ್ರೂ ಕೈಲಿದೆ!

ಮಂಗಳೂರು
ವಾಸಿಯಾದ ಮೇಲೂ ಒಂದು ನೋಡಿಕೊಳ್ಳಿ. ನಮ್ಮ ಹುಡುಗ ಟಿವಿ ಜೋರು ಮಾಡ್ತಿದ್ದ, ಕರೆದ್ರೆ ತಿರುಗ್ತಿರಲಿಲ್ಲ, ನಾವು ತುಂಟತನ ಅಂದುಕೊಂಡಿದ್ದು. ತಮಟೆ ಹಿಂದೆ ನೀರು ಉಳಿದಿತ್ತು. ಇಎನ್‌ಟಿಯವರು ಮೂರು ತಿಂಗಳು ನೋಡೋಣ ಅಂದ್ರು, ಅಷ್ಟರಲ್ಲಿ ಆರಿತು. ಇನ್ನೊಂದು, ಕಿವಿ ಹಿಂದೆ ಊತ ಬಂದು ಕಿವಿ ಮುಂದಕ್ಕೆ ಬಾಗಿದ ಹಾಗೆ ಕಂಡ್ರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಕೇಳಿದವರು, ಮೈಸೂರು
ಎಲ್ಲರಿಗೂ ಥ್ಯಾಂಕ್ಸ್. ಮೊದಲ ರಾತ್ರಿ ಪರವಾಗಿಲ್ಲ ಅನ್ನಿಸ್ತು. ಎರಡನೇ ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ, ಕಿವಿ ಸೋರಿತ್ತು. ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಇವತ್ತೇ ಶುರು ಮಾಡಿ, ಏಳು ದಿನ ಪೂರ್ತಿ ಅಂದ್ರು. ಇವತ್ತಿಗೆ ಮೂರನೇ ದಿನ. ಆಡ್ತಿದ್ದಾನೆ. ಹುಬ್ಬಳ್ಳಿಯವರೇ, ನಿಲ್ಲಿಸಿಲ್ಲ!