ಕೆಲಸ ಬಿಟ್ಟು ವರ್ಷವಾಯಿತು, ಆ ವಿದೇಶಿ ಮಕ್ಕಳ ನೆನಪು ಬಿಡುತ್ತಿಲ್ಲ. ಮೆಸೇಜ್ ಮಾಡಬಹುದಾ?

ಅರಸೀಕೆರೆ ಅಕ್ಕ:

ಹನ್ನೊಂದು ವರ್ಷ ಮೈಸೂರಿನ ಒಂದು ಕಾಲೇಜಿನಲ್ಲಿ, ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ ಆಫೀಸಿನಲ್ಲಿದ್ದೆ. ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ಕೆಲಸ ಬಿಟ್ಟು ಊರಿಗೆ ಬಂದೆ. ಅಮ್ಮ ಈಗ ವಾಕರ್ ಹಿಡಿದು ಓಡಾಡುತ್ತಾರೆ. ನಾನೇ ಇನ್ನೂ ಸರಿಹೋಗಿಲ್ಲ.

ನನ್ನದೇನು ದೊಡ್ಡ ಹುದ್ದೆಯಲ್ಲ. ಹೊಸಬರು ಬಂದರೆ 24 ಗಂಟೆಯೊಳಗೆ ಸಿ-ಫಾರಂ (ವಿದೇಶಿಯರು ಬಂದು ಉಳಿದಿದ್ದಾರೆ ಅಂತ ಸರ್ಕಾರಕ್ಕೆ ಕೊಡುವ ವರದಿ), 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಎಫ್‌ಆರ್‌ಆರ್‌ಒ ನೋಂದಣಿ ಮಾಡಿಸುತ್ತಿದ್ದೆ. 2018ರಲ್ಲಿ ಅದೆಲ್ಲ ಆನ್‌ಲೈನ್ ಆಯಿತು. ಅದಕ್ಕೆ ಮುಂಚೆ ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಪೊಲೀಸ್ ಆಫೀಸಿನ ಬೆಂಚಿನ ಮೇಲೆ ಅವರ ಜೊತೆ ಗಂಟೆಗಟ್ಟಲೆ ಕೂರುತ್ತಿದ್ದೆ. ಸಲಿಗೆ ಬೆಳೆದದ್ದೇ ಆ ಬೆಂಚಿನ ಮೇಲೆ.

ಟಾಂಜಾನಿಯದ ಒಬ್ಬ ಹುಡುಗ. ಮೆಸ್ಸಿನಲ್ಲಿ ಮೊದಲ ಸಲ ರಾಗಿಮುದ್ದೆ ನೋಡಿ "ಉಗಾಲಿ!" ಅಂತ ಕೂಗಿದ. ಅವರಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ಆ ಹೆಸರು. ಬೆಂಗಳೂರಿನ ಹುಡುಗರು ಚಮಚ ಹುಡುಕುತ್ತಿದ್ದರೆ ಇವನು ಕೈಯಲ್ಲೇ ಮುರಿದು ಸಾರಿಗೆ ಅದ್ದಿದ. ಆದರೆ ಅಗಿದ! ನುಂಗುವುದನ್ನು ಕಲಿಸಲು ಒಂದು ಸೆಮಿಸ್ಟರ್ ಹಿಡಿಯಿತು. ಇನ್ನೊಮ್ಮೆ "ನಾಳೆ ಎರಡು ಗಂಟೆಗೆ ಬರ್ತೀನಿ ಅಮ್ಮಾ" ಅಂದವನು ಬೆಳಿಗ್ಗೆ ಎಂಟಕ್ಕೇ ಬಂದು ಬೀಗದ ಮುಂದೆ ನಿಂತಿದ್ದ. ಅವರ ಸ್ವಾಹಿಲಿ ಭಾಷೆಯಲ್ಲಿ ಬೆಳಿಗ್ಗೆ ಏಳು ಅಂದರೆ ಒಂದು ಗಂಟೆ, ಎಂಟು ಅಂದರೆ ಎರಡು. ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು. ನಮ್ಮಜ್ಜಿ ಗಳಿಗೆ ಎಣಿಸುತ್ತಿದ್ದದ್ದೂ ಹಾಗೇ ಅಲ್ವಾ?

ಅಫ್ಘಾನಿಸ್ತಾನದ ಹೆರಾತ್‌ನ ಒಬ್ಬಳು ಹುಡುಗಿಯಿದ್ದಳು. ನೋಟಿಸ್ ಬೋರ್ಡಿನಲ್ಲಿ ನಾನು "ಶುಲ್ಕ ಬಾಕಿ" ಅಂತ ಬರೆದದ್ದನ್ನು ಯಾರೋ ಓದಿ ಹೇಳಿದರಂತೆ. "ಬಾಕಿ ನಮ್ಮ ಮಾತು" ಅಂತ ಜಗಳಕ್ಕೇ ಬಂದಳು. ಆಮೇಲೆ ಅದೊಂದು ಆಟವಾಯಿತು. ತಾರೀಖು, ಖಾಲಿ, ಜಮೀನು, ಹೀಗೆ ಅವರ ಪಾರ್ಸಿಯಲ್ಲೂ ನಮ್ಮ ಕನ್ನಡದಲ್ಲೂ ಇರುವ ದಿನಕ್ಕೊಂದು ಪದ ಹಿಡಿದುಕೊಂಡು ಬರುತ್ತಿದ್ದಳು. 2019ರಲ್ಲಿ ಓದು ಮುಗಿಸಿ ಊರಿಗೆ ಹೋದಳು. 2021ರ ಆಗಸ್ಟ್ 15ಕ್ಕೆ ತಾಲಿಬಾನಿಗಳು ಕಾಬೂಲ್ ಹಿಡಿದದ್ದನ್ನು ಟಿವಿಯಲ್ಲಿ ತೋರಿಸುತ್ತಿದ್ದಾಗ "ಹೇಗಿದ್ದೀಯಾ" ಅಂತ ವಾಟ್ಸ್ಆ್ಯಪ್ ಮಾಡಿದೆ. ಒಂದೇ ಟಿಕ್. ಇವತ್ತಿಗೂ ಒಂದೇ ಟಿಕ್.

ಇನ್ನು ಜೊತೆಗೆ ಕೆಲಸ ಮಾಡಿದವರು. ಕೊನೆಯ ದಿನ ಸಂಜೆ ಐದೂವರೆಗೇ ಗ್ರೂಪಿನಿಂದ ತೆಗೆದರು. ನಿಯಮ, ಗೊತ್ತು. ಆ ಒಂದು ರಾತ್ರಿಯಾದರೂ ಬಿಡಬಹುದಿತ್ತು. ಮೊದಲ ತಿಂಗಳಲ್ಲಿ ನಾಲ್ಕು ಫೋನ್ ಬಂದವು. ಪಾಸ್‌ಪೋರ್ಟ್ ಜೆರಾಕ್ಸ್ ಫೈಲು ಯಾವ ಬೀರುವಿನಲ್ಲಿದೆ, ಪ್ರಿಂಟರಿನ ಯಾವ ಬದಿಗೆ ತಟ್ಟಬೇಕು, ಇಂಥವು. ಆಮೇಲೆ ಎಲ್ಲ ಸಿಕ್ಕಿತು ಅಂತ ಕಾಣುತ್ತೆ, ಫೋನ್ ನಿಂತಿತು. ಹನ್ನೊಂದು ಗಂಟೆಗೆ ನಮ್ಮ ಅಟೆಂಡರ್ ಜೊತೆ ಬೈಟೂ ಕಾಫಿ ಕುಡಿಯುತ್ತಿದ್ದೆ. ಈಗಲೂ ಆ ಹೊತ್ತಿಗೆ ಅರ್ಧ ಲೋಟವೇ ಬಗ್ಗಿಸಿಕೊಳ್ಳುತ್ತೇನೆ.

ನಾನಾಗೇ ಬರೆದರೆ ಆ ಮಕ್ಕಳಿಗೆ ಕಿರಿಕಿರಿ ಆಗುತ್ತಾ? ಅವರಿಗೆ ನಾನು ಫಾರಂ ತುಂಬಿಸುತ್ತಿದ್ದ ಹೆಂಗಸು ಅಷ್ಟೇನಾ?

ದಾವಣಗೆರೆ ಟು ಡಾರ್ಮ್‌ಸ್ಟಾಟ್:

ಅಕ್ಕಾ, ನಾನು ಬೆಂಚಿನ ಆ ಕಡೆಯವನು. ಇಲ್ಲಿ ಜರ್ಮನಿಯಲ್ಲೂ ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಬಂದ ಹೊಸದರಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ವಿಭಾಗದ ಆಫೀಸಿನ ಹೆಂಗಸು ಒಂದು ಹಳದಿ ಚೀಟಿಯಲ್ಲಿ ಟ್ರಾಮ್ ನಂಬರು, ಇಳಿಯುವ ಸ್ಟಾಪು, ಎಡಕ್ಕೊಂದು ಬಾಣ, ಎಲ್ಲ ಬರೆದು ಕೊಟ್ಟರು. ಆ ಚೀಟಿ ಇನ್ನೂ ನನ್ನ ಹಳೆ ಪಾಸ್‌ಪೋರ್ಟಿನಲ್ಲಿದೆ. ಅವರಿಗೆ ಒಂದು ಸಾಲೂ ಬರೆದಿಲ್ಲ ನಾನು. ಮರೆತು ಅಲ್ಲ. ಮೊದಲ ವರ್ಷ ಕೆಲಸ ಸಿಕ್ಕ ಮೇಲೆ ಬರೆಯೋಣ ಅಂದುಕೊಂಡೆ. ಕೆಲಸ ಸಿಗುವಷ್ಟರಲ್ಲಿ ತಡವಾಗಿತ್ತು. ಈಗ ಬರೆದರೆ ಇಷ್ಟು ದಿನ ಎಲ್ಲಿದ್ದೆ ಅಂತಾರೇನೋ ಅಂತ ನಾಚಿಕೆ. ನಿಮ್ಮ ಹುಡುಗರೂ ಹೀಗೇ ಕೂತಿರಬಹುದು. ನೀವೇ ಶುರು ಮಾಡಿ. "ಹೇಗಿದ್ದೀಯಾ" ಅಂತ ಮಾತ್ರ ಕೇಳಬೇಡಿ, ಅದಕ್ಕೆ ಉತ್ತರ ಬರೆಯಲು ಒಂದು ಭಾನುವಾರ ಬೇಕು. ಮುದ್ದೆಯ ಫೋಟೊ ಕಳಿಸಿ.

ಪೆನ್ಷನ್ ಪುಟ್ಟಣ್ಣ:

ಸಹೋದ್ಯೋಗಿಗಳ ವಿಷಯ ನಾನು ಹೇಳುತ್ತೇನೆ. ಬ್ಯಾಂಕಿನಲ್ಲಿ 34 ವರ್ಷ ದುಡಿದೆ. ರಿಟೈರಾದ ಮರುವಾರ ಸುಮ್ನೆ ಬ್ರಾಂಚಿಗೆ ಹೋದೆ. ಗ್ರಾಹಕರ ಕುರ್ಚಿ ತೋರಿಸಿ "ಕೂತಿರಿ ಸಾರ್, ಎರಡು ನಿಮಿಷ" ಅಂದರು. ನಲವತ್ತು ನಿಮಿಷ ಕೂತೆ. ತಪ್ಪು ಅವರದಲ್ಲ, ತಿಂಗಳ ಕೊನೆ ಅದು, ನನಗೇ ಗೊತ್ತಿರಬೇಕಿತ್ತು. ಈಗ ಆಫೀಸಿನೊಳಗೆ ಕಾಲಿಡುವುದಿಲ್ಲ. ಆರು ಗಂಟೆಗೆ ಎದುರಿನ ಟೀ ಅಂಗಡಿಯಲ್ಲಿ ನಿಲ್ಲುತ್ತೇನೆ. ತಾವಾಗೇ ಬರುತ್ತಾರೆ, ಮ್ಯಾನೇಜರನ್ನು ಬೈಯುತ್ತಾರೆ. ಆಹಾ! ಅಟೆಂಡರಿಗೆ ಫೋನ್ ಮಾಡಿ. ಮೈಸೂರಿಗೆ ರೈಲು ಹತ್ತಿ. ಕಾಫಿ ಅಂದರೆ ಎದುರಿಗೆ ಕೂತು ಕುಡಿಯಬೇಕು.

ಮಲ್ಲಿಗೆ ದಂಡೆ:

ಹೆರಾತ್ ಹುಡುಗಿಯ ಬಗ್ಗೆ ಒಂದು ಮಾತು. ಒಂದೇ ಟಿಕ್ ಅಂದರೆ ಕೆಟ್ಟದ್ದೇ ಅಂತ ಅಂದುಕೊಳ್ಳಬೇಡಿ. ಸಿಮ್ ಬದಲಾಗಿರಬಹುದು. 120 ದಿನ ಬಳಸದಿದ್ದರೆ ವಾಟ್ಸ್ಆ್ಯಪ್ ಖಾತೆಯೇ ಅಳಿಸಿಹೋಗುತ್ತದೆ. ಮುಂದೆ ಆ ನಂಬರು ಬೇರೆಯವರ ಕೈಗೂ ಹೋಗಬಹುದು. ಆದ್ದರಿಂದ ಅಲ್ಲಿಗೆ ಫೋಟೊ, ಹಳೆ ವಿಷಯ ಏನೂ ಕಳಿಸಬೇಡಿ. ಇಮೇಲ್ ಇದ್ದರೆ ಎರಡು ಸಾಲು ಬರೆಯಿರಿ. ರಾಜಕೀಯ ಬೇಡ, ಪ್ರಶ್ನೆಯೂ ಬೇಡ. ಮತ್ತೆ, ವಿಳಾಸಕ್ಕಾಗಿ ಆಫೀಸಿನವರ ಹತ್ತಿರ ಫೈಲ್ ತೆಗೆಸಬೇಡಿ. ಅವಳಾಗಿ ನಿಮಗೆ ಕೊಟ್ಟದ್ದಿದ್ದರೆ ಮಾತ್ರ.

ಅರಸೀಕೆರೆ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಇಮೇಲ್ ಅವಳೇ ನನ್ನ ಡೈರಿಯಲ್ಲಿ ಬರೆದುಕೊಟ್ಟಿದ್ದಳು, ಹಾಲಿನ ಲೆಕ್ಕದ ಪಕ್ಕದಲ್ಲಿ. "ಇವತ್ತಿನ ಪದ: ರುಮಾಲು" ಅಂತ ಒಂದೇ ಸಾಲು ಕಳಿಸಿದೆ. ಆರು ದಿನವಾಯಿತು. ಉತ್ತರ ಬಂದಿಲ್ಲ, ಮೇಲ್ ವಾಪಸ್ಸೂ ಬಂದಿಲ್ಲ.

ಅಟೆಂಡರ್ ಫೋನ್ ಎತ್ತಿದವನೇ "ಮೇಡಂ, ಯಾವ ಫೈಲು ಬೇಕು?" ಅಂದ. ಅಭ್ಯಾಸಬಲ! ಮುಂದಿನ ಶನಿವಾರ ಹೋಗುತ್ತಿದ್ದೇನೆ, ಅಮ್ಮನ ಹತ್ತಿರ ತಂಗಿ ಇರುತ್ತಾಳೆ.

ಟಾಂಜಾನಿಯದವನಿಗೆ ಮುದ್ದೆಯ ಫೋಟೊ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಮದುವೆಯಾಗಿದೆಯಂತೆ, ಮಗಳಿದ್ದಾಳಂತೆ. "ನಾಳೆ ಎರಡು ಗಂಟೆಗೆ ವಿಡಿಯೊ ಕಾಲ್ ಮಾಡ್ತೀನಿ ಅಮ್ಮಾ" ಅಂದ. ಖುಷಿಯಲ್ಲಿ ಯಾರ ಎರಡು ಗಂಟೆ ಅಂತ ಕೇಳುವುದನ್ನೇ ಮರೆತೆ. ನಮಗೂ ಅವರಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅವನ ಲೆಕ್ಕದ ಎರಡಾದರೆ ನಮಗೆ ಬೆಳಿಗ್ಗೆ ಹತ್ತೂವರೆ, ಗಡಿಯಾರದ ಎರಡಾದರೆ ಸಂಜೆ ನಾಲ್ಕೂವರೆ. ಬೆಳಿಗ್ಗೆ ಹತ್ತಕ್ಕೇ ಸೀರೆ ಬದಲಾಯಿಸಿ ಕೂತಿದ್ದೇನೆ.